ಚಾರ್ಟರ್, ಕಡಲು, ಸಾಫ್ಟ್‌ವೇರ್: ಪೈಲಟ್ ಲೆಕ್ಕದಲ್ಲಿ ಯಾವುದು ವಾಸಿ?

ಹೆಲಿಕಾಪ್ಟರ್ ಹಾರಿಸಬೇಕು ಅಂದರೆ ಕಡಲ ಮೇಲೆ ಹಾರಿಸಿ. ನಾನು ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಲೈಸೆನ್ಸ್ ತೆಗೆದುಕೊಂಡೆ. ಮೊದಲು ಒಂದು ಚಾರ್ಟರ್ ಕಂಪನಿ, ಅಂದರೆ ಹೆಲಿಕಾಪ್ಟರ್ ಬಾಡಿಗೆಗೆ ಕೊಡುವವರು. ಈಗ ಮುಂಬೈನ ಜುಹುವಿನಿಂದ ಅರಬ್ಬಿ ಸಮುದ್ರದ ಬಾಂಬೆ ಹೈ ತೈಲ ಬಾವಿಗಳಿಗೆ ಕೆಲಸಗಾರರನ್ನು ಕರೆದೊಯ್ಯುತ್ತೇನೆ.

ಚಾರ್ಟರ್‌ನಲ್ಲಿ ದುಡ್ಡಿಗೇನೂ ಕೊರತೆಯಿಲ್ಲ. ಚುನಾವಣೆ ಹೊತ್ತಿನಲ್ಲಿ ಹಾರಾಟದ ಭತ್ಯೆ ಚೆನ್ನಾಗಿಯೇ ಸಿಗುತ್ತದೆ. ಸಾಕುಮಾಡುವುದು ಕಾಯುವ ಕೆಲಸ. ಬೆಳಿಗ್ಗೆ ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡ್ ಬಿಟ್ಟು ಸಿಂಧನೂರು ಕಡೆಯ ಯಾವುದೋ ಕಾಲೇಜು ಮೈದಾನದಲ್ಲಿ ಇಳಿಯುತ್ತೇವೆ. 'ಅರ್ಧ ಗಂಟೆ ಕ್ಯಾಪ್ಟನ್' ಎಂದು ಹೋದ ನಾಯಕರು ಮಧ್ಯಾಹ್ನ ಮೂರಾದರೂ ಪತ್ತೆಯಿಲ್ಲ. ಏಪ್ರಿಲ್ ಬಿಸಿಲು. ನೆರಳಿಲ್ಲ, ಶೌಚಾಲಯವಿಲ್ಲ. ಕಾರ್ಯಕರ್ತರು ಕೊಟ್ಟ ಪಲಾವ್ ಪೊಟ್ಟಣವೇ ಊಟ. ಸೆಲ್ಫಿಗೆ ಬಂದ ಹುಡುಗರು ಬಾಲಕ್ಕೇ ಒರಗಿ ನಿಲ್ಲುತ್ತಾರೆ, ಹಾಗಾಗಿ ಬಿಟ್ಟು ಕದಲುವ ಹಾಗಿಲ್ಲ.

ಅತ್ತ ಹೊತ್ತು ಇಳಿಯುತ್ತಿರುತ್ತದೆ. ಕಣ್ಣಳತೆಯ ಹಾರಾಟ, ಅಂದರೆ ಹೊರಗೆ ನೋಡಿಕೊಂಡೇ ಹಾರಿಸುವುದು, ಸೂರ್ಯ ಮುಳುಗಿ 20 ನಿಮಿಷದೊಳಗೆ ಮುಗಿದಿರಬೇಕು, ಇದು ನಿಯಮ. ಐದು ಗಂಟೆಗೆ ಬಂದವರು 'ಇನ್ನೊಂದೂರು ಬಾಕಿ ಇದೆ' ಅನ್ನುತ್ತಾರೆ. ಆಗಲ್ಲ ಅಂದರೆ ಕಂಪನಿಗೆ ಫೋನ್ ಹೋಗುತ್ತದೆ. ಅಲ್ಲಿಂದ ನನಗೆ: 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸರ್.' ಸೂರ್ಯನಿಗೆ ಹೇಳಬೇಕಿತ್ತು, ಅಲ್ವಾ?

ಇಳಿಯುವ ಜಾಗದ್ದು ಬೇರೆ ಗೋಳು. 2023ರ ಮಾರ್ಚ್‌ನಲ್ಲಿ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುವಾಗ ಪ್ಲಾಸ್ಟಿಕ್ ಹಾಳೆಗಳು ಗಾಳಿಗೆದ್ದವು, ಪೈಲಟ್ ಮತ್ತೆ ಮೇಲೇರಬೇಕಾಯಿತು. ಮೇ ತಿಂಗಳಲ್ಲಿ ಹೊಸಕೋಟೆ ಬಳಿ ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರ್‌ಗೆ ಹದ್ದು ಬಡಿದು ಮುಂದಿನ ಗಾಜು ಒಡೆಯಿತು. ಎರಡೂ ವಿಡಿಯೊಗಳನ್ನು ನಮ್ಮಮ್ಮನಿಗೆ ತೋರಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ.

ಕಡಲಲ್ಲಿ ಎರಡು ಎಂಜಿನ್, ಇಬ್ಬರು ಪೈಲಟ್‌ಗಳು. ಎಲ್ಲಿಗೆ, ಎಷ್ಟು ಜನ, ಎಷ್ಟು ತೂಕ, ಎಲ್ಲ ಮೊದಲೇ ಬರೆದಿರುತ್ತದೆ. ಕಷ್ಟ ಇಲ್ಲವೇ? ಇದೆ. ಕಡಲ ನಡುವಿನ ಕಟ್ಟೆಗಳಲ್ಲಿ ನಾವು ಇಳಿಯುವ ಒಂದು ಡೆಕ್‌ನಿಂದ ಇನ್ನೊಂದಕ್ಕೆ ಹಾರಿ ಇಳಿದು ಸೊಂಟ ಹಿಡಿದುಕೊಳ್ಳುತ್ತದೆ. ಮಳೆಗಾಲ ಬೇರೆ. ನೀರಿಗೆ ಬಿದ್ದರೆ ಪಾರಾಗುವ ತರಬೇತಿಯಲ್ಲಿ ಕ್ಯಾಬಿನ್ನಿನಂಥ ಡಬ್ಬದೊಳಗೆ ಬೆಲ್ಟ್ ಕಟ್ಟಿ ಕೂರಿಸಿ, ಈಜುಕೊಳದಲ್ಲಿ ತಲೆಕೆಳಗು ಮಾಡುತ್ತಾರೆ. ಉಸಿರು ಬಿಗಿಹಿಡಿದು ಕಿಟಕಿ ತಳ್ಳಿ ಹೊರಬರಬೇಕು. ಆದರೂ ಕೆಲವು ವಾರ ದುಡಿದರೆ ಮುಂದಿನ ವಾರಗಳು ಧಾರವಾಡದ ಮನೆಯಲ್ಲಿ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಬೇಕು ಅನ್ನುವ ನನ್ನಂಥವನಿಗೆ ಇದೇ ಸರಿ.

ಬರೀ ದುಡ್ಡು ನೋಡಿದರೆ? ಸಾಫ್ಟ್‌ವೇರ್. ಹೆಲಿಕಾಪ್ಟರ್ ಕಮರ್ಷಿಯಲ್ ಲೈಸೆನ್ಸಿಗೆ 150 ಗಂಟೆ ಹಾರಾಟ ಸಾಕು, ವಿಮಾನಕ್ಕೆ 200 ಬೇಕು. ಆದರೆ ಗಂಟೆಯ ಖರ್ಚು ಹೆಲಿಕಾಪ್ಟರ್‌ಗೇ ಜಾಸ್ತಿ. ಜೊತೆಗೆ ಅಷ್ಟೇ ಗಂಟೆ ಇಟ್ಟುಕೊಂಡು ಕೆಲಸ ಕೇಳಲು ಹೋದರೆ, ಸೇನೆಯಲ್ಲಿ ಸಾವಿರಾರು ಗಂಟೆ ಹಾರಿಸಿ ನಿವೃತ್ತರಾದವರ ಪಕ್ಕ ಸಾಲಿನಲ್ಲಿ ನಿಲ್ಲಬೇಕು. ನಾನು ಚಾರ್ಟರ್ ಸಹಿಸಿಕೊಂಡಿದ್ದೇ ಗಂಟೆ ಕೂಡಿಸಲು. ಸಾಲದ ಕಂತು ಇನ್ನೂ ಕಟ್ಟುತ್ತಿದ್ದೇನೆ. ಸಕ್ಕರೆ ಕಾಯಿಲೆ ಬಂದರೂ ಹಳೆ ಸಹೋದ್ಯೋಗಿಗಳು ಕುರ್ಚಿಯಲ್ಲಿ ಕೂತು ದುಡಿಯಬಹುದು. ನನ್ನದು ಮೆಡಿಕಲ್ ಫೇಲ್ ಆದರೆ ಹಾರಾಟ ನಿಂತಿತು, ಭತ್ಯೆಯೂ ನಿಂತಿತು. ಅದಕ್ಕೇ ಈ ದಾರಿಗೆ ಬರುವವರು ಫೀಸು ಕಟ್ಟುವ ಮೊದಲು ಕ್ಲಾಸ್ ಒನ್ ಮೆಡಿಕಲ್, ಅಂದರೆ ಇಂಥ ಪೈಲಟ್‌ಗಳಿಗೆ ಬೇಕಾದ ಆರೋಗ್ಯ ತಪಾಸಣೆ, ಮುಗಿಸಿಕೊಳ್ಳಿ.