ಮೊಟ್ಟೆ ಚಕ್ರದ ತೇರು: ಕ್ರಾಸ್ ಸ್ಟಿಚ್‌ಗೆ ಬಟ್ಟೆ, ಸೂಜಿ ತಗೊಳ್ಳುವ ಮುಂಚೆ ಇದನ್ನು ಓದಿ

ನಮ್ಮ ಅಡುಗೆಮನೆಯಲ್ಲಿ ಮಿಕ್ಸಿಯ ಮೇಲೆ ಒಂದು ತೇರು ಇದೆ. ಉಡುಪಿ ರಥಬೀದಿಯ ತೇರು, ಕೆಂಪು ಬಿಳಿ ಪತಾಕೆ ಸುತ್ತಿದ ಗುಂಡು ತಲೆಯದ್ದು. ಮೂರು ತಿಂಗಳು ಕೂತು ಹಾಕಿದ ಕ್ರಾಸ್ ಸ್ಟಿಚ್ ಅದು, ಬಟ್ಟೆಯ ಚೌಕ ಎಣಿಸಿ ಒಂದೊಂದರ ಮೇಲೂ ಗುಣಿಸು ಗುರುತಿನ ಹಾಗೆ ಹಾಕುವ ಹೊಲಿಗೆ. ಅತ್ತಿಗೆಯ ಹೊಸ ಮನೆಯ ಗೋಡೆಯ ಮೇಲೆ ಇರಬೇಕಾಗಿತ್ತು. ಮಿಕ್ಸಿಗೆ ಧೂಳು ಕೂರದ ಹಾಗೆ ಹೊದಿಸಿದ್ದೇನೆ. ಯಾಕೆ ಹೀಗಾಯ್ತು ಅಂತ ಬರೆಯುತ್ತಿದ್ದೇನೆ, ಇನ್ನೊಬ್ಬರ ಮೂರು ತಿಂಗಳಾದರೂ ಉಳಿಯಲಿ.

ಅತ್ತಿಗೆ ಮನೆ ಇರುವುದು ಉಡುಪಿ ಕಡೆ. ನವರಾತ್ರಿ ಕಳೆದ ಮೇಲೆ ಮನೆ ಒಕ್ಕಲು ಅಂತ ನಿಶ್ಚಯ ಆಗಿತ್ತು. ಪಾತ್ರೆ ಕೊಡುವವರು, ಗಡಿಯಾರ ಕೊಡುವವರು ಹೇಗೂ ಇರ್ತಾರೆ, ನಾನು ಕೈಯಲ್ಲೇ ಏನಾದರೂ ಮಾಡಿ ಕೊಡ್ತೇನೆ ಅಂದುಕೊಂಡೆ. ಅಕ್ಕನ ಮಗಳು ಫೋನಿನಲ್ಲಿ ತೇರಿನ ಫೋಟೋವನ್ನು ಚೌಕ ಚೌಕದ ಚಿತ್ರ ಮಾಡಿ ಕೊಟ್ಟಳು. ಅಗಲಕ್ಕೆ 112 ಚೌಕ, ಎತ್ತರಕ್ಕೆ 140. ಕೆಳಗೆ "14 ಕೌಂಟ್" ಅಂತ ಇತ್ತು.

ಕೌಂಟ್ ಅಂದರೆ ದೊಡ್ಡ ವಿದ್ಯೆ ಏನಲ್ಲ. ಬಟ್ಟೆಯಲ್ಲಿ ಒಂದು ಇಂಚಿಗೆ ಎಷ್ಟು ಚೌಕ ಇದೆ ಅನ್ನುವ ಲೆಕ್ಕ, ಅಷ್ಟೇ. 14 ಕೌಂಟ್ ಬಟ್ಟೆಯಲ್ಲಿ ಇಂಚಿಗೆ 14 ಹೊಲಿಗೆ ಬೀಳುತ್ತದೆ. 112 ಚೌಕವನ್ನು 14ರಿಂದ ಭಾಗಿಸಿದರೆ 8 ಇಂಚು, 140ನ್ನು ಭಾಗಿಸಿದರೆ 10 ಇಂಚು. ಇಷ್ಟು ಲೆಕ್ಕ ನನಗೆ ಗೊತ್ತಿತ್ತು. ಗೊತ್ತಿದೆ ಅನ್ನುವ ಧೈರ್ಯದಲ್ಲೇ ಮಂಗಳೂರಿನ ಹಂಪನಕಟ್ಟೆಯಲ್ಲಿ ಒಂದು ಕಡೆ 8ಕ್ಕೆ 10ರ ಫ್ರೇಮು ಮೊದಲೇ ಮಾಡಿಸಿಟ್ಟೆ. ಸಾಗುವಾನಿಯದ್ದು, ಗಾಜು ಸಮೇತ. ಹೊಲಿಗೆ ಶುರುವೇ ಆಗಿಲ್ಲ, ಫ್ರೇಮು ಬಂತು!

ಬಟ್ಟೆ ತಗೊಂಡದ್ದು ಪೇಟೆಯ ಒಂದು ಅಂಗಡಿಯಲ್ಲಿ. ಗುಂಡಿ, ಲೇಸು, ಫಾಲ್ಸು ಎಲ್ಲ ಸಿಗುವ ಜಾಗ. ಹೆಸರು ಬೇಡ.

"ಅಣ್ಣಾ, ಕ್ರಾಸ್ ಸ್ಟಿಚ್ ಬಟ್ಟೆ 14 ಕೌಂಟ್ ಉಂಟಾ?"

"ಉಂಟಲ್ವಾ ಅಕ್ಕಾ. ಇದು 14ರದ್ದೇ. ಎಲ್ಲರೂ ಇದನ್ನೇ ಕೊಂಡೋಗುವುದು."

ಅವರು ಕತ್ತರಿಸಿ ಕೊಟ್ಟದ್ದು ಮ್ಯಾಟಿ ಬಟ್ಟೆ. ನಾನು ಕೇಳಬೇಕಾಗಿದ್ದದ್ದು ಐಡಾ. ಎರಡೂ ದೂರದಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆಯೇ ಕಾಣ್ತವೆ. ಐಡಾ ಬಟ್ಟೆಯನ್ನು ಎಣಿಸಿ ಹೊಲಿಯಲಿಕ್ಕೆ ಅಂತಲೇ ನೇಯುತ್ತಾರೆ. ಚೌಕ ಸರಿಯಾಗಿ ಚೌಕವೇ ಇರ್ತದೆ, ನಾಲ್ಕು ಮೂಲೆಗೂ ತೂತು ಸ್ಪಷ್ಟವಾಗಿ ಕಾಣ್ತದೆ. ಮ್ಯಾಟಿಯಲ್ಲಿ ಎಳೆಗಳನ್ನು ಗುಂಪು ಗುಂಪಾಗಿ ಚಾಪೆಯ ಹಾಗೆ ನೇಯ್ದಿರ್ತಾರೆ. ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಅಗ್ಗ. ಮೇಜಿನ ಹೊದಿಕೆಗೆ, ದಿಂಬಿನ ಕವರಿಗೆ ಹೂವಿನ ಸಾಲು ಹಾಕಲಿಕ್ಕೆ ಮ್ಯಾಟಿಯೇ ಚಂದ, ನಮ್ಮ ಅಮ್ಮನ ಕಾಲದ ಟಿವಿ ಕವರೆಲ್ಲ ಅದೇ. ಆದರೆ ಉದ್ದಕ್ಕೂ ಅಡ್ಡಕ್ಕೂ ಇಂಚಿಗೆ ಒಂದೇ ಲೆಕ್ಕ ಇರ್ತದೆ ಅಂತ ಅದರಲ್ಲಿ ನಂಬಲಿಕ್ಕಾಗುವುದಿಲ್ಲ. ಹೂವು ಸ್ವಲ್ಪ ಅಗಲ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಚಕ್ರ ಅಗಲ ಆದರೆ?

ಜೂನ್‌ನಲ್ಲಿ ಶುರು ಮಾಡಿದೆ. ಬಟ್ಟೆಯನ್ನು ನಾಲ್ಕಾಗಿ ಮಡಚಿ ನಡು ಗುರುತಿಸಿ, ನಡುವಿನಿಂದಲೇ ಹೊರಟೆ. ಮೊದಲು ತೇರಿನ ಗುಂಡು ತಲೆ, ಆಮೇಲೆ ಕೆಳಗೆ. ಹೊರಗೆ ಧೋ ಅಂತ ಮಳೆ, ಒಳಗೆ ನಾನು ಮತ್ತು ಎಣಿಕೆ. ತಲೆ ಸ್ವಲ್ಪ ಚಪ್ಪಟೆ ಅನ್ನಿಸ್ತಾ ಇತ್ತು. ರಿಂಗ್‌ನಲ್ಲಿ ಎಳೆದು ಬಿಗಿದದ್ದಕ್ಕೆ ಹಾಗೆ ಕಾಣ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಆಗಸ್ಟ್ ಮುಗಿಯುವ ಹೊತ್ತಿಗೆ ಚಕ್ರಕ್ಕೆ ಬಂದೆ. ಚಿತ್ರದಲ್ಲಿ ಚಕ್ರ ಅಗಲಕ್ಕೂ ಎತ್ತರಕ್ಕೂ 33 ಚೌಕ. ಒಂದು ಚಕ್ರ ಮುಗಿಸಿ ಯಜಮಾನರಿಗೆ ತೋರಿಸಿದೆ. ಅವರು ತಲೆ ಓರೆ ಮಾಡಿ ನೋಡಿದರು.

"ಈ ತೇರು ಎಳೆದರೆ ರಥಬೀದಿಯ ಅರ್ಧಕ್ಕೂ ಹೋಗ್ಲಿಕ್ಕಿಲ್ಲ ಮಾರಾಯ್ತಿ. ಚಕ್ರ ಮೊಟ್ಟೆಯ ಹಾಗೆ ಉಂಟು."

ಸಿಟ್ಟು ಬಂತು. ಮಗನ ಜಾಮಿಟ್ರಿ ಬಾಕ್ಸಿನಿಂದ ಸ್ಕೇಲು ತಂದು ಇಟ್ಟೆ. ಅಗಲ 3 ಇಂಚು. ಎತ್ತರ ಎರಡೂಮುಕ್ಕಾಲು. ಮತ್ತೆ ಅಳೆದೆ, ಅಷ್ಟೇ. ಬಟ್ಟೆಯ ಖಾಲಿ ಜಾಗದಲ್ಲಿ ಸೂಜಿಯ ತುದಿಯಿಂದ ಒಂದೊಂದೇ ಚೌಕ ಎಣಿಸಿದೆ. ಅಡ್ಡಕ್ಕೆ ಇಂಚಿಗೆ 11. ಉದ್ದಕ್ಕೆ 12. ಹದಿನಾಲ್ಕು ಎಲ್ಲಿಯೂ ಇಲ್ಲ.

ಆಮೇಲಿನ ಲೆಕ್ಕ ನೋಡಿ. 112 ಭಾಗಿಸು 11, ಅಂದರೆ 10.2 ಇಂಚು ಅಗಲ. 140 ಭಾಗಿಸು 12, ಸುಮಾರು 11.7 ಇಂಚು ಎತ್ತರ. 8ಕ್ಕೆ 10ರ ಫ್ರೇಮಿಗೆ ಇದು ಹೋಗುವುದೇ ಇಲ್ಲ. ಸುತ್ತ ಎರಡೂವರೆ ಇಂಚು ಬಿಡಬೇಕು ಅಂತ 13ಕ್ಕೆ 15 ಇಂಚು ಬಟ್ಟೆ ಕತ್ತರಿಸಿದ್ದೆ. ಈಗ ಪಕ್ಕದಲ್ಲಿ ಉಳಿಯುವುದು ಒಂದೂವರೆ ಇಂಚೂ ಇಲ್ಲ. ದೊಡ್ಡ ಫ್ರೇಮು ಮಾಡಿಸಿದರೂ ಹಿಂದೆ ಮಡಚಿ ಎಳೆದು ಕಟ್ಟಲಿಕ್ಕೆ ಬಟ್ಟೆ ಸಾಲುವುದಿಲ್ಲ.

ಒಂದು ಇಂಚು ಮಾತ್ರ ಎಣಿಸಿದರೆ ಅರ್ಧ ಚೌಕದ ತಪ್ಪು ಗೊತ್ತಾಗುವುದಿಲ್ಲ, ಅದಕ್ಕೆ ಈಗ ನಾನು 4 ಇಂಚು ಎಣಿಸ್ತೇನೆ. ಎರಡು ಗುಂಡುಸೂಜಿ ಚುಚ್ಚಿ, ನಡುವೆ ಎಣಿಸಿ, 4ರಿಂದ ಭಾಗಿಸುವುದು. 14 ಕೌಂಟ್ ಆದರೆ 56 ಬರಬೇಕು. ಆಮೇಲೆ ಬಟ್ಟೆ ತಿರುಗಿಸಿ ಇನ್ನೊಂದು ಕಡೆಗೂ ಅದೇ. ಇದನ್ನು ಅಂಗಡಿಯಲ್ಲೇ ಮಾಡಿ, ಕತ್ತರಿ ಬೀಳುವ ಮುಂಚೆ. ನಗುತ್ತಾರೆ, ನಗಲಿ. ಆನ್‌ಲೈನ್‌ನಲ್ಲಿ ತರಿಸಿದರೂ ಪೊಟ್ಟಣದ ಮೇಲಿನ "14 ಸಿಟಿ" (ಅಂದರೆ 14 ಕೌಂಟ್) ನೋಡಿ ಸುಮ್ನೆ ಇರಬೇಡಿ, ವಾಪಸ್ ಮಾಡುವ ದಿನ ಕಳೆಯುವ ಮೊದಲೇ ಎಣಿಸಿ ನೋಡಿ.

ಧಾರವಾಡ ಕಡೆಯ ಕಸೂತಿಯವರು ಬಟ್ಟೆಯ ಮೇಲೆ ಗೆರೆ ಎಳೆಯದೆ ನೂಲೆಳೆ ಎಣಿಸಿಯೇ ಗವಂತಿ, ಮುರ್ಗಿ, ನೇಗಿ, ಮೆಂತಿ ಹೊಲಿಗೆ ಹಾಕುವುದು. ಮೆಂತಿ ಅಂದರೆ ನಮ್ಮ ಈ ಕ್ರಾಸ್ ಹೊಲಿಗೆಯೇ. ಅವರು ಎಳೆ ಎಣಿಸ್ತಾರೆ, ನನಗೆ ಚೌಕ ಎಣಿಸಲಿಕ್ಕೆ ಸೋಮಾರಿತನ.

ಇನ್ನು ಸೂಜಿ. ಇಲ್ಲಿ ಅಂಗಡಿಯವರನ್ನು ದೂರುವ ಹಾಗಿಲ್ಲ, ಪೂರ್ತಿ ನನ್ನದೇ ತಪ್ಪು. ನಂಬರ್ ಜಾಸ್ತಿ ಆದ ಹಾಗೆ ಸೂಜಿ ದಪ್ಪ ಆಗ್ತದೆ ಅಂತ ನಾನು ತಿಳಿದಿದ್ದೆ. ನಿಜ ಉಲ್ಟಾ. ನಂಬರ್ ಹೆಚ್ಚಾದಂತೆ ಸೂಜಿ ಸಣ್ಣ. ಸಪೂರ ಸೂಜಿ ಇರಲಿ ಅಂತ ಲೆಕ್ಕ ಹಾಕಿ ಕಡಿಮೆ ನಂಬರಿನದ್ದು, 18, ತಗೊಂಡೆ. ಮನೆಗೆ ಬಂದು ನೋಡಿದರೆ ಗೋಣಿ ಹೊಲಿಯುವ ದಬ್ಬಣದ ತಂಗಿ. ಆಗಲಾದರೂ ವಾಪಸ್ ಕೊಡಬಾರದಾ? ಮಳೆಯಲ್ಲಿ ಮತ್ತೆ ಪೇಟೆಗೆ ಯಾರು ಹೋಗುವುದು ಅಂತ ಅದರಲ್ಲೇ ಶುರು ಮಾಡಿದೆ. ಅದು ಹೋದ ಹೋದ ತೂತೆಲ್ಲ ಹಿಗ್ಗಿತು. ಎರಡು ಎಳೆ ನೂಲಿನ ಹೊಲಿಗೆ ಆ ತೂತಿನಲ್ಲಿ ಸಡಿಲವಾಗಿ ಕೂತು, ನಡುವೆ ಬಿಳಿ ಬಟ್ಟೆ ಹಲ್ಲು ಕಿರಿಯಿತು.

ಒಂದು ವಾರ ಆದ ಮೇಲೆ ಬೇಸತ್ತು ಮನೆಯಲ್ಲಿದ್ದ ಎಂಬ್ರಾಯ್ಡರಿ ಸೂಜಿ ಹಿಡಿದೆ, ರವಿಕೆಗೆ ಹೂವು ಹಾಕುವುದು. ಅದು ಇನ್ನೂ ಕೆಟ್ಟದು. ಅದರ ಮೊನೆ ಚೂಪು. ಕ್ರಾಸ್ ಸ್ಟಿಚ್‌ನಲ್ಲಿ ಒಂದು ತೂತಿಗೆ ನಾಲ್ಕು ಸಲ ಸೂಜಿ ಬರಬಹುದು, ಪಕ್ಕದ ಹೊಲಿಗೆಗಳೂ ಅದೇ ತೂತು ಹಂಚಿಕೊಳ್ತವೆ ಅಲ್ವಾ. ಚೂಪು ಸೂಜಿ ತೂತು ಹುಡುಕುವುದಿಲ್ಲ. ಎಲ್ಲಿ ಒತ್ತಿದರೆ ಅಲ್ಲಿ ಇಳಿಯುತ್ತದೆ, ಮೊದಲು ಹಾಕಿದ ನೂಲನ್ನೇ ಸೀಳುತ್ತದೆ. ತಪ್ಪು ಹೊಲಿಗೆ ಬಿಚ್ಚಲಿಕ್ಕೆ ಹೋದರೆ ಸೀಳಿದ ನೂಲು ಒಂದಕ್ಕೊಂದು ಸಿಕ್ಕಿ ಪಟ್ಟು ಬಿಡುವುದಿಲ್ಲ. ಒಂದು ಸಂಜೆ ಪೂರ್ತಿ ಹನ್ನೆರಡು ಹೊಲಿಗೆ ಬಿಚ್ಚಿದ್ದೇನೆ. ಬೆರಳಿಗೆ ಚುಚ್ಚಿ ಪತಾಕೆಯ ಹತ್ತಿರ ಒಂದು ರಕ್ತದ ಚುಕ್ಕೆಯೂ ಆಯ್ತು. ತಣ್ಣೀರಿನಲ್ಲಿ ತಕ್ಷಣ ತೊಳೆದದ್ದಕ್ಕೆ ಹೋಯ್ತು.

ಕೇಳಬೇಕಾದದ್ದು ಟೇಪೆಸ್ಟ್ರಿ ಸೂಜಿ. ಮೊನೆ ಮೊಂಡು, ಕಣ್ಣು ಉದ್ದ. 14 ಕೌಂಟ್ ಐಡಾಕ್ಕೆ 24 ನಂಬರ್, ಸ್ವಲ್ಪ ಸಪೂರ ಬೇಕಾದವರಿಗೆ 26. 11 ಕೌಂಟ್‌ಗೆ 22 ಅಥವಾ 24. 16ಕ್ಕೆ 24 ಅಥವಾ 26, 18ಕ್ಕೆ 26 ಅಥವಾ 28. ಸೂಜಿ ಸರಿಯಿದೆಯಾ ಅಂತ ಕೈಗೇ ಗೊತ್ತಾಗ್ತದೆ. ಸೂಜಿಯ ಮೈ ತೂತಿನಲ್ಲಿ ಸಲೀಸಾಗಿ ಇಳಿಯಬೇಕು, ಕಣ್ಣಿನ ಹತ್ತಿರ ಬಂದಾಗ ಒಂಚೂರು ಹಿಡಿದ ಹಾಗೆ ಆಗಿ ಹೊರಗೆ ಬರಬೇಕು. ಎಳೆಯುವಾಗ ಬಟ್ಟೆಯೇ ಮೇಲೆ ಬಂದರೆ ಸೂಜಿ ದಪ್ಪ. ಪ್ಯಾಕೆಟಿನ ಮೇಲೆ ಟೇಪೆಸ್ಟ್ರಿ ಅಂತ ಇದೆಯಾ ಅಂತ ನೋಡಿಕೊಳ್ಳಿ. ಎಂಬ್ರಾಯ್ಡರಿ ಸೂಜಿಯ ನಂಬರೇ ಬೇರೆ, ಇದರ ನಂಬರೇ ಬೇರೆ, ಒಂದಕ್ಕೊಂದು ಹೋಲಿಸಬೇಡಿ.

ನೂಲಿನಲ್ಲೂ ಪೆಟ್ಟು ತಿಂದೆ. ಒಂದು ಲಡಿಯಲ್ಲಿ 8 ಮೀಟರ್, ಆರು ಎಳೆ. 14 ಕೌಂಟ್‌ಗೆ ಎರಡೆಳೆ ಸಾಕು, ಹಾಗಾಗಿ ಒಂದು ಲಡಿಗೆ 24 ಮೀಟರ್ ಹೊಲಿಗೆ ನೂಲು ಸಿಗುತ್ತದೆ. 11ರ ಬಟ್ಟೆಯಲ್ಲಿ ಎರಡೆಳೆ ತೆಳುವಾಗಿ ಕಾಣ್ತದೆ, ಮೂರು ಬೇಕು. ಆಗ ಸಿಗುವುದು 16 ಮೀಟರ್ ಮಾತ್ರ. ಚೌಕವೂ ದೊಡ್ಡದು, ಆದ್ದರಿಂದ ಒಂದೊಂದು ಹೊಲಿಗೆಗೂ ಜಾಸ್ತಿ ನೂಲು. ನಡುವಿನಲ್ಲಿ ಮೂರೆಳೆಗೆ ಬದಲಾಯಿಸಿದ್ದಕ್ಕೆ ಕೆಂಪು ಖಾಲಿ ಆಯ್ತು. ಅದೇ ಬಣ್ಣ ಸಿಗದೆ ಬ್ರ್ಯಾಂಡ್ ಇಲ್ಲದ ಅಗ್ಗದ ಕೆಂಪು ತಂದೆ. ಒಗೆದಾಗ ಅದು ಬಿಟ್ಟಿತು ನೋಡಿ ಬಣ್ಣ! ಬಿಳಿ ಪತಾಕೆಯೆಲ್ಲ ನಸುಗೆಂಪು. ಕೆಂಪು, ಕಪ್ಪು, ಕಡುನೀಲಿ ನೂಲಾದರೆ ಮೊದಲೇ ಒಂದು ತುಂಡು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಒಗೆಯುವಾಗ ಬಿಟ್ಟರೆ ಒಣಗಲಿಕ್ಕೆ ಬಿಡಬೇಡಿ, ನೀರು ತಿಳಿಯಾಗುವ ತನಕ ತಣ್ಣೀರಿನಲ್ಲಿ ಜಾಲಾಡಿಸುತ್ತಾ ಇರಿ. ನಾನು ಗಾಬರಿಯಲ್ಲಿ ಹಿಂಡಿ ನೇತು ಹಾಕಿದೆ.

ಪಕ್ಕದ ಮನೆಯವರದ್ದು ಇದರ ಉಲ್ಟಾ ಕತೆ. ಅವರು ಚೌಕ ಇಲ್ಲದ, ಒಂದೇ ಸಮ ನೇಯ್ಗೆಯ 28 ಕೌಂಟ್ ಬಟ್ಟೆ ತರಿಸಿದರು. ಅದರಲ್ಲಿ ಎರಡೆರಡು ಎಳೆ ದಾಟಿ ಹೊಲಿದರೆ 14 ಕೌಂಟ್‌ನ ಅಳತೆ ಬರ್ತದೆ. ಅವರು ಒಂದೊಂದೇ ಎಳೆಗೆ ಹೊಲಿದರು. 8 ಇಂಚು ಆಗಬೇಕಾದ ಕೃಷ್ಣ 4 ಇಂಚಿಗೆ ಮುಗಿದ. ಚಂದ ಇದೆ ಪಾಪ, ಆದರೆ ಕಣ್ಣಿಗೆ ಕನ್ನಡಕ ಬಂತು.

ಕೊನೆಗೆ ಅತ್ತಿಗೆಗೆ ಒಕ್ಕಲಿನ ದಿನ ಒಂದು ಸ್ಟೀಲ್ ಡಬ್ಬದ ಸೆಟ್ ಕೊಟ್ಟೆ. ಅವರು ಏನೂ ಹೇಳಲಿಲ್ಲ. "ತೇರು ಎಂತ ಆಯ್ತು?" ಅಂತ ಅಣ್ಣ ಕೇಳಿದ, ನಾನು ಪಾಯಸ ಬಡಿಸಲಿಕ್ಕೆ ಎದ್ದು ಹೋದೆ.

ಖಾಲಿ ಫ್ರೇಮು ಮಾತ್ರ ಗೋಡೆಗೆ ಒರಗಿ ದಿನಾ ನನ್ನನ್ನೇ ನೋಡ್ತಾ ಇತ್ತು. ದೀಪಾವಳಿ ಆದ ಮೇಲೆ 14 ಕೌಂಟ್ ಐಡಾ ತಂದು, ಎರಡೂ ಕಡೆ 56 ಎಣಿಸಿ, 24 ನಂಬರಿನ ಸೂಜಿ ಹಿಡಿದು ಅದೇ ತೇರನ್ನು ಮತ್ತೆ ಶುರು ಮಾಡಿದೆ. ಈ ಸಲ ಮೊದಲು ಹಾಕಿದ್ದು ಚಕ್ರ. ಸ್ಕೇಲು ಇಟ್ಟು ನೋಡಿದೆ, ಅಗಲ ಎತ್ತರ ಎರಡೂ ಒಂದೇ, ಎರಡೂಕಾಲು ಇಂಚಿಗಿಂತ ಚೂರು ಹೆಚ್ಚು. ಯಜಮಾನರನ್ನು ಕರೆದು ತೋರಿಸಿದೆ. "ಹೂಂ, ಇದು ಓಡ್ತದೆ" ಅಂದರು.

ಹೇಳಲಿಕ್ಕೆ ಮರೆತೆ. ಮಿಕ್ಸಿಯ ಮೇಲಿನ ತೇರಿನ ಎಡಗಡೆ ಒಂದು ಕಂದು ಕಲೆ ಇದೆ, ಅದು ಸಾಂಬಾರಿನದ್ದಲ್ಲ. ಆಟಿ ತಿಂಗಳ ಮಳೆಯಲ್ಲಿ ಜ್ವರ ಬಂದು ಹತ್ತು ದಿನ ಹೊಲಿಗೆ ಮುಟ್ಟಿರಲಿಲ್ಲ, ಸೂಜಿ ಬಟ್ಟೆಯಲ್ಲೇ ಚುಚ್ಚಿಟ್ಟಿದ್ದೆ. ನಮ್ಮೂರ ಗಾಳಿಯಲ್ಲಿ ಗೋಡೆಯೇ ಬೆವರುತ್ತದೆ, ಸೂಜಿ ಬಿಡುತ್ತದಾ? ತೆಗೆಯುವಾಗ ತುಕ್ಕು ಹಿಡಿದಿತ್ತು. ನಿಂಬೆಹುಳಿ, ಉಪ್ಪು ಹಾಕಿ ತಿಕ್ಕಿದೆ, ಮಾಸಲಾಯ್ತು, ಹೋಗಲಿಲ್ಲ. ಈಗ ಎದ್ದು ಹೋಗುವಾಗಲೆಲ್ಲ ಸೂಜಿ ತೆಗೆದು ಡಬ್ಬದಲ್ಲಿ ಹಾಕಿ ಮುಚ್ಚುತ್ತೇನೆ. ಸ್ಕೇಲೂ ಅದರಲ್ಲೇ ಇದೆ. ಮಗ ಹೊಸತು ತಗೊಂಡ.