ಪೋರ್ಟಿಂಗ್ ಮಾಡಿಸಿದ ಆರ್‌ಎಕ್ಸ್‌ಗೆ ಪ್ಲಗ್ ಟೆಂಪರೇಚರ್ ಮೀಟರ್: ಹಾಕಿಸಿ, ಆದರೆ ಜೆಟ್ ಸರಿಮಾಡಿದ ಮೇಲೆ

ಬೆಂಕಿಪೊಟ್ಟಣದಷ್ಟು ದೊಡ್ಡ ಡಿಜಿಟಲ್ ಡಬ್ಬಿ, ಅದರಿಂದ ಹೊರಟ ಒಂದು ತಂತಿ, ತಂತಿಯ ತುದಿಗೆ 14 ಮಿ.ಮೀ. ಪ್ಲಗ್‌ಗೆ ಹೊಂದುವ ಉಂಗುರ. ಇಷ್ಟೇ ಈ ಮೀಟರ್. ಆನ್‌ಲೈನ್‌ನಲ್ಲಿ ಹತ್ತಾರು ಹೆಸರಿನಲ್ಲಿ, ಕೆಲವೊಮ್ಮೆ ಹೆಸರೇ ಇಲ್ಲದೆ ಮಾರಾಟಕ್ಕಿದೆ. ಉಂಗುರ ಸ್ಪಾರ್ಕ್ ಪ್ಲಗ್ ಕೆಳಗೆ ಕೂರುತ್ತದೆ, ಹೆಡ್ ಎಷ್ಟು ಕಾದಿದೆ ಅನ್ನುವುದು ಹ್ಯಾಂಡಲ್ ಮೇಲೆ ಕಾಣುತ್ತದೆ. ಯಮಹಾ ಆರ್‌ಎಕ್ಸ್ 100, ಆರ್‌ಎಕ್ಸ್ 135, ಹಳೆಯ ಯೆಜ್ಡಿ, ಈ ಟೂ-ಸ್ಟ್ರೋಕ್ ಬೈಕ್ ಎಲ್ಲಕ್ಕೂ ಪ್ಲಗ್ 14 ಮಿ.ಮೀ. ಆದ್ದರಿಂದ ಒಂದೇ ಅಳತೆ ಸಾಕು.

ಇದನ್ನು ಹಾಕಿಬಿಟ್ಟರೆ ಇಂಜಿನ್ ಸೀಜ್ ಆಗುವುದೇ (ಕಚ್ಚಿಕೊಂಡು ನಿಲ್ಲುವುದೇ) ಇಲ್ಲ ಎಂದು ಮಾರುವವರಿದ್ದಾರೆ. ನಂಬಬೇಡಿ. ಮೀಟರ್ ಅಳೆಯುವುದು ಹೆಡ್ಡಿನ ಶಾಖ, ಸಿಕ್ಕಿಹಾಕಿಕೊಳ್ಳುವುದು ಪಿಸ್ಟನ್. ಪಿಸ್ಟನ್ ಅಲ್ಯೂಮಿನಿಯಂ, ಅದು ಓಡಾಡುವ ಸ್ಲೀವ್ ಬೀಡುಕಬ್ಬಿಣ. ಅಷ್ಟೇ ಶಾಖಕ್ಕೆ ಅಲ್ಯೂಮಿನಿಯಂ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಫುಲ್ ಥ್ರಾಟಲ್‌ನಲ್ಲಿ ಪೆಟ್ರೋಲ್ ಕಡಿಮೆ ಬಿದ್ದರೆ ಪಿಸ್ಟನ್ ಕೆಲವೇ ಸೆಕೆಂಡುಗಳಲ್ಲಿ ಉಬ್ಬುತ್ತದೆ, ಹೆಡ್ಡಿನ ಲೋಹ ನಿಧಾನವಾಗಿ ಹಿಂದೆ ಬರುತ್ತದೆ. ಮೀಟರಿನಲ್ಲಿ ಅಂಕಿ ಏರುವಷ್ಟರಲ್ಲಿ ಹಿಂದಿನ ಚಕ್ರ ಲಾಕ್ ಆಗಿರಬಹುದು. ನಿಧಾನವಾಗಿ ಬೆಳೆಯುವ ಕಾಯಿಲೆಯನ್ನು ಇದು ಚೆನ್ನಾಗಿ ಹಿಡಿಯುತ್ತದೆ, ಥಟ್ಟನೆ ಬರುವುದನ್ನು ಹಿಡಿಯುವುದಿಲ್ಲ. ಇಷ್ಟು ಗೊತ್ತಿಟ್ಟುಕೊಂಡು ಕೊಂಡರೆ ಒಳ್ಳೆಯ ವಸ್ತು.

ಕೊಂಡ ಕೂಡಲೇ ಗಾಡಿಗೆ ಹಾಕಬೇಡಿ, ಮೊದಲು ಅಡುಗೆಮನೆಯಲ್ಲಿ ಪರೀಕ್ಷೆ ಮಾಡಿ. ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುವಾಗ ಉಂಗುರವನ್ನು ತಳಕ್ಕೆ ತಾಗದಂತೆ ಇಳಿಬಿಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು 100ಕ್ಕಲ್ಲ, 97 ಡಿಗ್ರಿ ಆಸುಪಾಸಿನಲ್ಲಿ. ಮೀಟರ್ 94ರಿಂದ 100ರ ಒಳಗೆ ತೋರಿಸಿದರೆ ಇಟ್ಟುಕೊಳ್ಳಿ. 85 ಅಥವಾ 110 ಎಂದರೆ ವಾಪಸ್ ಕಳಿಸಿ. ಕಾದಷ್ಟೂ ಅಂಕಿ ಇಳಿಯುತ್ತಿದ್ದರೆ ತಂತಿಯ ಎರಡು ತುದಿ ಅದಲುಬದಲಾಗಿವೆ ಎಂದರ್ಥ, ತಿರುಗಿಸಿ ಹಾಕಿ.

ಅಳವಡಿಸುವಾಗ ಹೆಚ್ಚಿನವರು ತಪ್ಪುವುದು ಒಂದೇ ಕಡೆ. ಪ್ಲಗ್ ಜೊತೆ ಬಂದ ವಾಷರ್ ಹಾಗೇ ಬಿಟ್ಟು, ಅದರ ಮೇಲೆ ಈ ಉಂಗುರವನ್ನೂ ಸೇರಿಸುತ್ತಾರೆ. ಆಗ ಪ್ಲಗ್ ಮಿಲಿಮೀಟರ್‌ನಷ್ಟು ಮೇಲೆದ್ದು ಕೂರುತ್ತದೆ, ಕಿಡಿ ಹಾರುವ ಜಾಗ ಹೆಡ್ಡಿನೊಳಗೆ ಹಿಂದೆ ಸರಿಯುತ್ತದೆ, ಖಾಲಿ ಉಳಿದ ಮರೆಯಲ್ಲಿ ಇಂಗಾಲ ಕಟ್ಟುತ್ತದೆ. ವಾಷರನ್ನು ಬಿಚ್ಚಿ ತೆಗೆದು, ಅದರ ಜಾಗಕ್ಕೇ ಉಂಗುರ ಹಾಕಬೇಕು. ಬಿಗಿ ಮಾಡುವಾಗ ಪ್ಲಗ್ ಜೊತೆ ಉಂಗುರವೂ ತಿರುಗಲು ನೋಡುತ್ತದೆ. ಒಂದು ಕೈಯಲ್ಲಿ ಅದರ ಕುತ್ತಿಗೆ ಹಿಡಿದುಕೊಳ್ಳದಿದ್ದರೆ ತಂತಿ ಅಲ್ಲೇ ಮುರಿಯುತ್ತದೆ. ಈ ಮೀಟರಿನ ಅತಿ ದುರ್ಬಲ ಜಾಗವೂ ಅದೇ. ಪ್ಲಗ್ ಬಣ್ಣ ನೋಡಲು ಪದೇಪದೇ ಬಿಚ್ಚುವವರು ಒಂದು ಉಂಗುರ ಹೆಚ್ಚಿಗೆ ಕೊಂಡಿಟ್ಟುಕೊಳ್ಳುವುದು ಲೇಸು. ತಂತಿಯನ್ನು ಹೆಡ್ಡಿನ ಹಿಂಬದಿಯಿಂದ ಫ್ರೇಮ್ ಗುಂಟ ತನ್ನಿ, ಸೈಲೆನ್ಸರ್ ಬೆಂಡ್ ಕಡೆಯಿಂದ ಬೇಡ. ಸಾಲದೇ ಬಂದರೆ ಮಾಮೂಲಿ ತಾಮ್ರದ ವೈರ್ ಸೇರಿಸಿ ಉದ್ದ ಮಾಡಬೇಡಿ. ಇದು ಎರಡು ಬೇರೆ ಲೋಹಗಳ ಜೋಡುತಂತಿ, ನಡುವೆ ತಾಮ್ರ ಬಂದರೆ ಆ ಜೋಡಣೆ ಕಾದಾಗಲೆಲ್ಲ ಅಂಕಿ ತಪ್ಪುತ್ತದೆ. ರೇಸ್ ಕೊಟ್ಟಾಗ ಅಂಕಿ ಹುಚ್ಚಾಪಟ್ಟೆ ಕುಣಿದರೆ ಮೀಟರ್ ಕೆಟ್ಟಿಲ್ಲ, ಇಗ್ನಿಷನ್ ತೊಂದರೆ ಕೊಡುತ್ತಿದೆ. 5 ಕಿಲೋಓಮ್ ರೆಸಿಸ್ಟರ್ ಇರುವ ಪ್ಲಗ್ ಕ್ಯಾಪ್ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಡಬ್ಬಿಯ ಅಂಚಿಗೆ ಸಿಲಿಕೋನ್ ಹಚ್ಚಿ. ನಮ್ಮೂರಿನ ಸಂಜೆ ಮಳೆಗೆ ಇದರ ರಬ್ಬರ್ ಸಾಲದು.

ಯಾವ ಅಂಕಿ ಅಪಾಯ ಎಂದು ಎಲ್ಲರೂ ಕೇಳುತ್ತಾರೆ. ಎಲ್ಲ ಗಾಡಿಗೂ ಒಂದೇ ಅಂಕಿ ಹೇಳಲು ಬರುವುದಿಲ್ಲ. ಉಂಗುರದ ಮೇಲೆ ಎಷ್ಟು ಗಾಳಿ ಬೀಳುತ್ತದೆ, ಹೆಡ್ಡಿನ ಫಿನ್ ಎಷ್ಟಿದೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಗಾಡಿ ಸರಿಯಾಗಿದ್ದಾಗ ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹತ್ತು ನಿಮಿಷ ಓಡಿಸಿ, ನಿಂತ ಅಂಕಿ ಬರೆದಿಟ್ಟುಕೊಳ್ಳಿ. ಅದೇ ನಿಮ್ಮ ಗಾಡಿಯ ಲೆಕ್ಕ. ಅದೇ ರಸ್ತೆ, ಅದೇ ವೇಗದಲ್ಲಿ ಇನ್ನೊಂದು ದಿನ 20 ಡಿಗ್ರಿ ಹೆಚ್ಚು ಬಂದರೆ ಏನೋ ಬದಲಾಗಿದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಏರುವ ಅಂಕಿಗೂ, ಇಂಜಿನ್ ಆಫ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಏರುವ ಅಂಕಿಗೂ ಗಾಬರಿ ಬೇಡ, ಅದು ಗಾಳಿಯಿಲ್ಲದೆ ನಿಂತ ಶಾಖ.

ಅಂಕಿ ಏರಿತು, ಆಮೇಲೆ? ಬೇರೆಯವರು ಮೊದಲು ಮೇನ್ ಜೆಟ್‌ಗೆ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ತಿರುಪಿಗೆ) ಕೈಹಾಕುತ್ತಾರೆ, ನಾವು ಮೊದಲು ಗಾಳಿ ಸೋರುವಿಕೆ ನೋಡಿ ಎನ್ನುತ್ತೇವೆ. ಕ್ರ್ಯಾಂಕ್ ಸೀಲ್ (ಇಂಜಿನ್ನಿನ ಬುಡದಲ್ಲಿ ಗಾಳಿ ತಡೆಯುವ ರಬ್ಬರ್ ಬಳೆ) ಗಡುಸಾಗಿ ಸೋರುತ್ತಿದ್ದರೆ ಯಾವ ಜೆಟ್ ಹಾಕಿದರೂ ಇಂದು ಸರಿ, ನಾಳೆ ಇಲ್ಲ. ರೇಸ್ ಬಿಟ್ಟ ಮೇಲೂ ಆರ್‌ಪಿಎಂ ತಡವಾಗಿ ಇಳಿಯುವುದು ಅದರ ಮೊದಲ ಸೂಚನೆ. ಕಾರ್ಬ್ಯುರೇಟರ್ ಬಾಯಿ, ಸೈಲೆನ್ಸರ್ ಪೋರ್ಟ್ ಎರಡನ್ನೂ ಮುಚ್ಚಿ 6 ಪಿಎಸ್ಐ ಒತ್ತಡ ತುಂಬಿಸಿದರೆ ಆರು ನಿಮಿಷವಾದರೂ ಹೆಚ್ಚುಕಡಿಮೆ ಹಾಗೇ ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತದೆ ನೋಡಿ. ಮ್ಯಾಗ್ನೆಟ್ ಕಡೆ ಸೀಲ್, ಕಾರ್ಬ್ಯುರೇಟರ್ ಹಿಂದಿನ ಕವಾಟವಾದ ರೀಡ್ ಬ್ಲಾಕಿನ ಗ್ಯಾಸ್ಕೆಟ್, ಸಿಲಿಂಡರ್ ಬ್ಲಾಕಿನ ಬುಡ, ಈ ಮೂರನ್ನು ಬಿಡದೆ ನೋಡಿ.

ಜೆಟ್ ವಿಷಯಕ್ಕೆ ಬಂದರೆ, ಹಳೆಯ ಪೆಟ್ರೋಲಿಗೆ ಕೂರಿಸಿದ ಜೆಟ್ ಈಗ ಚಿಕ್ಕದು. ಬಂಕಿನಲ್ಲಿ ಸಿಗುವ ಇ20ಯಲ್ಲಿರುವ (ಶೇ 20ರಷ್ಟು ಬೆರೆಸಿದ) ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತುಕೊಂಡು ಬರುತ್ತದೆ. ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಸರಿಹೋದರೆ ಇದಕ್ಕೆ 13.5ರಷ್ಟು ಸಾಕು. ಅದೇ ಜೆಟ್ಟಿನಲ್ಲಿ ಓಡಿಸಿದರೆ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಪೋರ್ಟಿಂಗ್ (ಸಿಲಿಂಡರಿನ ಗಾಳಿ-ಹೊಗೆ ದಾರಿ ಕೊರೆದು ಅಗಲಿಸುವುದು), ದೊಡ್ಡ ಕಾರ್ಬ್ಯುರೇಟರ್, ಎಕ್ಸ್‌ಪ್ಯಾನ್ಷನ್ ಚೇಂಬರ್ (ಹೊಟ್ಟೆ ಉಬ್ಬಿದ ರೇಸಿಂಗ್ ಸೈಲೆನ್ಸರ್) ಸೇರಿಕೊಂಡರಂತೂ ಉಳಿದಿದ್ದ ಅಲ್ಪಸ್ವಲ್ಪ ಅವಕಾಶವೂ ಹೋಯಿತು. ದೊಡ್ಡ ಜೆಟ್‌ನಿಂದ ಶುರುಮಾಡಿ, ಫುಲ್ ಥ್ರಾಟಲ್‌ನಲ್ಲಿ ತೊದಲುವುದು ನಿಲ್ಲುವವರೆಗೆ ಒಂದೊಂದೇ ನಂಬರ್ ಇಳಿಸುತ್ತಾ ಬನ್ನಿ. ಚಿಕ್ಕದರಿಂದ ಮೇಲೆ ಹೋಗುವುದು ಪಿಸ್ಟನ್ ಪಣಕ್ಕಿಟ್ಟ ಹಾಗೆ.

ಆಯಿಲ್ ಪಂಪ್ ತೆಗೆಸಿ ಪೆಟ್ರೋಲಿಗೇ 2ಟಿ ಆಯಿಲ್ ಬೆರೆಸುವವರು ಗಮನಿಸಬೇಕಾದ್ದು: ಲೀಟರಿಗೆ 25 ಮಿ.ಲೀ. ಇದ್ದದ್ದನ್ನು 40 ಮಾಡಿದರೆ ಜೆಟ್‌ನಿಂದ ಬರುವ ಪೆಟ್ರೋಲಿನ ಪಾಲು ಅಷ್ಟು ಕಡಿಮೆಯಾಗುತ್ತದೆ. ಒಳ್ಳೆಯದಕ್ಕೆಂದು ಆಯಿಲ್ ಹೆಚ್ಚಿಸಿದ್ದೇ ಲೀನ್ ಮಾಡಿಬಿಡಬಹುದು. ಆಯಿಲ್ ಬದಲಿಸಿದಾಗ ಜೆಟ್ಟೂ ಮತ್ತೆ ನೋಡಿ. ನಂದಿಬೆಟ್ಟ ಇಳಿಯುವಾಗ ಥ್ರಾಟಲ್ ಪೂರ್ತಿ ಮುಚ್ಚಿ ಕಡಿಮೆ ಗೇರಿನಲ್ಲಿ ಇಂಜಿನ್ ಚೀರಿಸಿದರೆ ಪೆಟ್ರೋಲ್ ಜೊತೆ ಆಯಿಲೂ ನಿಲ್ಲುತ್ತದೆ. ಆಗಾಗ ಕ್ಲಚ್ ಹಿಡಿದು ಚೂರು ರೇಸ್ ಕೊಡಬೇಕು. ಇದನ್ನು ಮೀಟರ್ ತೋರಿಸುವುದೇ ಇಲ್ಲ, ಏಕೆಂದರೆ ಇಳಿಜಾರಿನಲ್ಲಿ ಹೆಡ್ ತಣ್ಣಗೇ ಇರುತ್ತದೆ.

ಆದರೂ ಸೀಜ್ ಆಗಿಯೇ ಹೋದರೆ ಬೋರ್ ಮಾಡಿಸುವ (ಸಿಲಿಂಡರ್ ಕೊರೆಸುವ) ಮೊದಲು ಪಿಸ್ಟನ್ ಕೈಯಲ್ಲಿ ಹಿಡಿದು ನೋಡಿ. ಸೈಲೆನ್ಸರ್ ಕಡೆ ಮಾತ್ರ ಗೀರಿದ್ದರೆ ಹೆಚ್ಚಾಗಿ ಲೀನ್ ಶಾಖ. ನಾಲ್ಕು ಮೂಲೆಯಲ್ಲಿ ಉದ್ದುದ್ದ ಗುರುತಿದ್ದರೆ ಬೆಳಿಗ್ಗೆ ಕಾಯುವ ಮೊದಲೇ ರೇಸ್ ಕೊಟ್ಟದ್ದು, ಇಲ್ಲವೇ ಬೋರ್ ಬಿಗಿ. ಸುತ್ತಲೂ ಒಂದೇ ಸಮ ಉಜ್ಜಿದ್ದರೆ ಆಯಿಲ್ ತಲುಪಿಲ್ಲ. ಕಾರಣ ಬಿಟ್ಟು ಬರೀ ಪಿಸ್ಟನ್ ಬದಲಿಸಿದರೆ ಎರಡನೆಯದೂ ಅದೇ ದಾರಿ ಹಿಡಿಯುತ್ತದೆ.

ಬೆಂಗಳೂರಿನಲ್ಲಿ ಜೆಟ್ ಮಾಡಿದ ಗಾಡಿಯಲ್ಲಿ ಮಂಗಳೂರಿಗೆ ಹೊರಟವರಿಗೆ ಈ ಮೀಟರ್ ನಿಜಕ್ಕೂ ಉಪಕಾರಿ. ಅಷ್ಟೇ ಬಿಸಿಲಿದ್ದರೂ ಕಡಲ ಮಟ್ಟದಲ್ಲಿ ಗಾಳಿ ಇಲ್ಲಿಗಿಂತ ಶೇ 11ರಷ್ಟು ದಟ್ಟ, ಮಿಶ್ರಣ ತಾನಾಗಿಯೇ ಲೀನ್ ಕಡೆ ಜಾರುತ್ತದೆ. ಶಿರಾಡಿ ಘಾಟಿ ಇಳಿದ ಮೇಲೆ ಬರೆದಿಟ್ಟ ಲೆಕ್ಕಕ್ಕಿಂತ ಅಂಕಿ ಮೇಲಿದ್ದರೆ ಚೋಕ್ ಸ್ವಲ್ಪ ಎಳೆದು ನೋಡಿ. ಗಾಡಿ ಹಗುರಾಗಿ ಓಡಿ ಅಂಕಿ ಇಳಿದರೆ ಪೆಟ್ರೋಲ್ ಕಡಿಮೆ ಬೀಳುತ್ತಿರುವುದು ಖಾತ್ರಿ. ಒಂದೆರಡು ನಂಬರ್ ದೊಡ್ಡ ಜೆಟ್, ಅದಕ್ಕೆ ಹೊಂದುವ ಸ್ಕ್ರೂಡ್ರೈವರ್ ಅಥವಾ ಸ್ಪ್ಯಾನರ್ ಟೂಲ್ ಬಾಕ್ಸಿನಲ್ಲಿರಲಿ. ಉಪ್ಪಿನಂಗಡಿ ಮುಟ್ಟುವ ಮೊದಲೇ ರಸ್ತೆ ಪಕ್ಕ ನಿಲ್ಲಿಸಿ ಬದಲಿಸಿಕೊಳ್ಳಬಹುದು.