ಶಿರಕಾವಾಗೋನೇ ಆಗಬೇಕಾ? ನನ್ನ ವೋಟು ಐನೋಕುರಾಗೆ

ಮೊದಲೇ ಹೇಳಿಬಿಡುತ್ತೇನೆ. ಜಪಾನಿನ ಬೆಟ್ಟದ ನಡುವೆ ದೊಡ್ಡ ದೊಡ್ಡ ಹುಲ್ಲಿನ ಮಾಡಿನ ಮನೆಗಳಿರುವ ಹಳ್ಳಿ ನೋಡಬೇಕು, ಒಂದೇ ದಿನದಲ್ಲಿ ಹೋಗಿ ಬರಬೇಕು, ಜೊತೆಗೆ ಮಕ್ಕಳೂ ಹಿರಿಯರೂ ಇದ್ದಾರೆ ಅಂದರೆ ಐನೋಕುರಾಗೆ ಹೋಗಿ. ಕ್ಯಾಲೆಂಡರಿನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಬರುವ ಫೋಟೋಗಳೆಲ್ಲ ಹೆಚ್ಚುಕಮ್ಮಿ ಶಿರಕಾವಾಗೋದ್ದೇ, ಗೊತ್ತು. ಆದರೂ ಐನೋಕುರಾಗೇ ಹೋಗಿ.

ನಾವಿರುವುದು ನಗೋಯಾದಲ್ಲಿ. ಊರಿಂದ ಬಂದವರಿಗೆ ಕ್ಯೋಟೋ ತೋರಿಸಿದ ಮೇಲೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: "ಆ ಹುಲ್ಲಿನ ಮನೆಗಳ ಊರು ಇಲ್ಲಿಂದ ದೂರಾನಾ?" ಈ ಸಲ ಕೇಳಿದವರು ನಮ್ಮ ಅತ್ತೆ. ತೀರ್ಥಹಳ್ಳಿ ಕಡೆಯವರು. ಮಂಡಿನೋವು ಇದೆ, ಆದರೆ ಉತ್ಸಾಹಕ್ಕೇನೂ ಕಮ್ಮಿ ಇಲ್ಲ. ಅವರ ನೆಪದಲ್ಲಿ ಮೂರೂ ಜಾಗ ನೋಡಿದ್ದಾಯಿತು. ಒಂದು, ಗಿಫು ಪ್ರಾಂತ್ಯದ ಶಿರಕಾವಾಗೋ, ಅಂದರೆ ಅಲ್ಲಿನ ಓಗಿಮಾಚಿ ಹಳ್ಳಿ. ಎರಡು, ಪಕ್ಕದ ತೊಯಾಮಾ ಪ್ರಾಂತ್ಯದ ಗೋಕಯಾಮಾ. ಅಲ್ಲಿ ಐನೋಕುರಾ, ಸುಗನುಮಾ ಅಂತ ಎರಡು ಪುಟ್ಟ ಹಳ್ಳಿಗಳಿವೆ. ಮೂರನೆಯದು ತಕಯಾಮಾ ಪಟ್ಟಣದ ಅಂಚಿನಲ್ಲಿರುವ ಹಿದಾ ನೋ ಸಾತೋ. ಅದು ಹಳ್ಳಿಯಲ್ಲ, ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿರುವ ಬಯಲು ಮ್ಯೂಸಿಯಂ.

ಓಗಿಮಾಚಿ, ಐನೋಕುರಾ, ಸುಗನುಮಾ ಮೂರೂ 1995ರಲ್ಲಿ ಒಟ್ಟಿಗೇ ಯುನೆಸ್ಕೋ ಪಟ್ಟಿಗೆ ಸೇರಿದವು. ಬಿರುದು ಒಂದೇ. ಜನ ನುಗ್ಗುವುದು ಮಾತ್ರ ಓಗಿಮಾಚಿಗೆ.

ಆ ನುಗ್ಗಾಟದ ಕಥೆ ಕೇಳಿ. ಓಗಿಮಾಚಿಯೊಳಗೆ ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಹೊರಗಿನವರ ಕಾರು ಬೇಡ ಎನ್ನುತ್ತಾರೆ. ನ್ಯಾಯವೇ. ಜನ ಇನ್ನೂ ವಾಸ ಮಾಡುತ್ತಿರುವ ಊರು ಅದು. ಹಾಗಾಗಿ ಕಾರಿನಲ್ಲಿ ಬಂದವರೆಲ್ಲ ಶೋಗಾವಾ ನದಿಯ ಆಚೆ ದಡದ ಸೆಸೆರಗಿ ಪಾರ್ಕಿಂಗ್‌ಗೆ ಹೋಗಬೇಕು. ಟೂರ್ ಬಸ್ಸುಗಳೂ ಅಲ್ಲಿಗೇ. ಹೈವೇ ಇಳಿದರೆ ಆ ಜಾಗ ಕೂಗಳತೆ ದೂರ. ನಾವು ಹೋಗಿದ್ದು ಅಕ್ಟೋಬರ್ ಕೊನೆಯ ಶನಿವಾರ, ಬೆಟ್ಟದ ಎಲೆಗಳು ಕೆಂಪಾಗುವ ಹೊತ್ತು. ನಮ್ಮ ಯಜಮಾನರಿಗೆ ರಜೆ ಸಿಗುವುದೇ ಶನಿವಾರ, ಇನ್ನೇನು ಮಾಡುವುದು?

ಹೈವೇಯಿಂದ ಕೆಳಗಿಳಿದ ಕೂಡಲೇ ಸಾಲು ಶುರುವಾಯಿತು. ಮುಂದೆ ಕೆಂಪು ಲೈಟು, ಹಿಂದೆ ಕಾರು. ಪಕ್ಕದಲ್ಲಿ ನಿಲ್ಲಿಸಲು ಒಂದಿಷ್ಟೂ ಜಾಗವಿಲ್ಲ. ಸ್ವಲ್ಪ ಹೊತ್ತಿಗೆ ಮುಂದಿನವರು ಇಂಜಿನ್ ಆಫ್ ಮಾಡಿದರು. ಅದನ್ನು ನೋಡಿದ ಮೇಲೆ ನನ್ನ ಆಸೆಯೂ ಆಫ್ ಆಯಿತು. ಅತ್ತೆ ಚಕ್ಕುಲಿ ಡಬ್ಬಿ ತೆಗೆದರು. ಚಿಕ್ಕವನು "ಅಮ್ಮಾ, ಸೂಸು" ಅಂದ. ಇವರು ಅವನನ್ನು ಇಳಿಸಿಕೊಂಡು ರಸ್ತೆ ಬದಿಯಲ್ಲೇ ಮುಂದೆ ನಡೆದರು. ಅವರು ಟಾಯ್ಲೆಟ್ ಹುಡುಕಿ, ಕೆಲಸ ಮುಗಿಸಿ, ಜ್ಯೂಸ್ ಬೇರೆ ಕೊಡಿಸಿಕೊಂಡು ವಾಪಸ್ ಬರುವಷ್ಟರಲ್ಲಿ ನಮ್ಮ ಕಾರು ಒಂದು ಲೈಟ್ ಕಂಬ ದಾಟಿತ್ತು. ಒಂದೇ ಒಂದು ಕಂಬ!

ಮಧ್ಯಾಹ್ನದ ಹೊತ್ತಿಗೆ ಅಂತೂ ಜಾಗ ಸಿಕ್ಕಿತು. ಅಲ್ಲಿಗೆ ಮುಗಿಯಲಿಲ್ಲ. ಪಾರ್ಕಿಂಗ್‌ನಿಂದ ಹಳ್ಳಿಗೆ ಹೋಗಲು 107 ಮೀಟರ್ ಉದ್ದದ ತೂಗುಸೇತುವೆ ದಾಟಬೇಕು. ಖಾಲಿ ಇದ್ದರೆ ಮಕ್ಕಳಿಗೆ ಅದೇ ದೊಡ್ಡ ಆಟ. ಅವತ್ತು ಹೋಗುವವರು ಎಡಕ್ಕೆ, ಬರುವವರು ಬಲಕ್ಕೆ, ನಡುವೆ ಸೆಲ್ಫಿ ಕೋಲಿನವರು. ಅತ್ತೆ ಎರಡೂ ಕೈಯಲ್ಲಿ ಕಂಬಿ ಹಿಡಿದು ಅಡ್ಡಡ್ಡ ಹೆಜ್ಜೆ ಹಾಕಿಕೊಂಡು ದಾಟಿದರು. ನದಿ ನೋಡಲೇ ಇಲ್ಲ. ಸಂಜೆ ಹೊರಡುವಾಗ ಪಾರ್ಕಿಂಗ್‌ನಿಂದ ಹೊರಬರಲು ಮತ್ತೊಂದು ಸಾಲು.

ಬೆಳಗ್ಗೆ 9ರೊಳಗೆ ಅಲ್ಲಿರಿ, ಏನೂ ತೊಂದರೆ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಸರಿ. ನಗೋಯಾದಿಂದ ಎರಡೂವರೆ ಗಂಟೆ ದಾರಿ. ಅಂದರೆ ಆರಕ್ಕೆ ಮನೆ ಬಿಡಬೇಕು, ಐದಕ್ಕೆ ಮಕ್ಕಳನ್ನು ಎಬ್ಬಿಸಬೇಕು. ಅತ್ತೆಗೆ ಸ್ನಾನ, ಪೂಜೆ, ಕಾಫಿ ಆಗದೆ ಹೊಸ್ತಿಲು ದಾಟಿ ಅಭ್ಯಾಸವಿಲ್ಲ. ನಮ್ಮ ಮನೆಯಲ್ಲಿ ಅದು ಆಗುವ ಹೋಗುವ ಮಾತಲ್ಲ. ನಿಮ್ಮ ಮನೆಯಲ್ಲಿ ಆಗುವುದಾದರೆ ನನ್ನ ಈ ಗೊಣಗಾಟವನ್ನೆಲ್ಲ ಬಿಟ್ಟುಬಿಡಿ.

ಓಗಿಮಾಚಿಯಲ್ಲಿ ನೋಡಲು ಇರುವುದು ಜಾಸ್ತಿ, ಅದು ನಿಜ. ಇಂಥ ಮನೆ, ಕೊಟ್ಟಿಗೆ ಎಲ್ಲ ಸೇರಿ 100ಕ್ಕೂ ಮೇಲಿವೆ. ವಾದಾ ಮನೆತನದ ಮನೆ ದೊಡ್ಡದು, ಆ ಕುಟುಂಬ ಈಗಲೂ ಅದರ ಒಂದು ಭಾಗದಲ್ಲಿ ವಾಸವಿದೆ. ಒಳಗೆ ಹೋದರೆ ಅಟ್ಟ ಹತ್ತಲೇಬೇಕು. ಹಿಂದೆ ರೇಷ್ಮೆಹುಳು ಸಾಕುತ್ತಿದ್ದದ್ದು ಅಲ್ಲೇ. ತೊಲೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ, ಹಗ್ಗದಿಂದಲೂ ತಿರುಚಿದ ಎಳೆ ಮರದ ಕೊಂಬೆಗಳಿಂದಲೂ ಬಿಗಿದು ಕಟ್ಟಿದ್ದಾರೆ. ಹೊಗೆ ಕುಡಿದು ಆ ಕಟ್ಟುಗಳು ಕಾಫಿ ಬಣ್ಣಕ್ಕೆ ತಿರುಗಿವೆ. ಮಗಳು ಬೆರಳಿಟ್ಟು ನೋಡಿ "ಕಬ್ಬಿಣದ ಥರ ಗಟ್ಟಿ ಇದೆ" ಅಂದಳು. ಅತ್ತೆ ಮಾತ್ರ ಏಣಿಯಂಥ ಆ ಮೆಟ್ಟಿಲು ನೋಡಿ ಕೆಳಗೇ ಕೂತರು.

ಬೆಂಕಿ ಅಂದರೆ ಆ ಊರಿಗೆ ಜೀವಭಯ. ಹಳ್ಳಿಯ ತುಂಬ 59 ನೀರಿನ ಫಿರಂಗಿಗಳಿವೆ. ಶರತ್ಕಾಲದ ಕೊನೆಗೆ ಒಮ್ಮೆ ಎಲ್ಲವನ್ನೂ ಒಟ್ಟಿಗೆ ಬಿಟ್ಟು ಪರೀಕ್ಷೆ ಮಾಡುತ್ತಾರೆ. 1971ರಲ್ಲಿ ಊರವರೇ ಕೂತು "ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು" ಅಂತ ಕಟ್ಟಳೆ ಮಾಡಿಕೊಂಡರಂತೆ. ಇಷ್ಟೆಲ್ಲ ಮನೆ ಉಳಿದದ್ದು ಅದರಿಂದಲೇ. ಆದರೆ ಮುಖ್ಯ ಬೀದಿಯಲ್ಲಿ ಐಸ್‌ಕ್ರೀಂ ಅಂಗಡಿ, ಮಾಂಸದ ಕಡ್ಡಿ ಸುಡುವ ಅಂಗಡಿ ಒಂದರ ಪಕ್ಕ ಒಂದು. ಆ ಗದ್ದಲದಲ್ಲಿ ಈ ಕಥೆಗಳನ್ನು ಮಕ್ಕಳಿಗೆ ಹೇಳುವುದಾದರೂ ಹೇಗೆ?

ಈಗ ಗೋಕಯಾಮಾ. ಅಲ್ಲಿಗೆ ಹೋಗಿದ್ದು ಮರುವಾರ. ಶಿರಕಾವಾಗೋ ಎಕ್ಸಿಟ್ ಬಿಟ್ಟು ಅದೇ ಹೈವೇಯಲ್ಲಿ ಉತ್ತರಕ್ಕೆ ಮುಂದಿನ ಎಕ್ಸಿಟ್. ಅಷ್ಟೇ ವ್ಯತ್ಯಾಸ! ದಾರಿಯಲ್ಲಿ 10.7 ಕಿಲೋಮೀಟರಿನ ಹಿದಾ ಸುರಂಗ ಹೇಗೂ ಬರುತ್ತದೆ. ಮಕ್ಕಳು ಉಸಿರು ಕಟ್ಟಿ ದಾಟುವ ಪಂದ್ಯ ಶುರುಮಾಡಿ ಅರ್ಧ ನಿಮಿಷಕ್ಕೇ ಸೋತರು.

ನಾವು ಮೊದಲು ನಿಂತದ್ದು ಸುಗನುಮಾದಲ್ಲಿ. ಇಲ್ಲಿರುವುದು ಒಂಬತ್ತೇ ಹುಲ್ಲಿನ ಮಾಡಿನ ಮನೆಗಳು. ಪಾರ್ಕಿಂಗ್ ಮೇಲೆ ಗುಡ್ಡದಲ್ಲಿ, ಹಳ್ಳಿ ಕೆಳಗೆ ನದಿಯ ತಿರುವಿನಲ್ಲಿ. ಇಳಿಯಲು ಲಿಫ್ಟ್ ಇದೆ! ಸುರಂಗದಂಥ ದಾರಿಯಿಂದ ಹೊರಗೆ ಬಂದರೆ ಎದುರಿಗೇ ಹಳ್ಳಿ. ಅತ್ತೆಯ ಮುಖ ನೋಡಬೇಕಿತ್ತು. ಮಂಡಿನೋವಿನವರಿದ್ದರೆ ಇದೊಂದೇ ಕಾರಣ ಸಾಕು.

ಇಲ್ಲಿನ ಮದ್ದಿನುಪ್ಪಿನ ಮ್ಯೂಸಿಯಂ ನಮ್ಮ ಮಕ್ಕಳ ಪಾಲಿಗೆ ಇಡೀ ದಿನದ ಹೈಲೈಟ್. ಹಿಂದೆ ಗೋಕಯಾಮಾದವರು ಕಾಗಾ ಸಂಸ್ಥಾನದ ದೊರೆಗಳಿಗೆ ಮದ್ದಿನುಪ್ಪು ಮಾಡಿ ಕೊಡುತ್ತಿದ್ದರು. ಮನೆಯೊಳಗಿನ ಒಲೆಯ ಪಕ್ಕ, ನೆಲದಡಿ ಗುಂಡಿ ತೋಡುವುದು. ಅದರಲ್ಲಿ ಮಣ್ಣು, ಸೊಪ್ಪು, ರೇಷ್ಮೆಹುಳುವಿನ ಹಿಕ್ಕೆ, ಮನುಷ್ಯರ ಮೂತ್ರ ಎಲ್ಲ ಹಾಕಿ ವರ್ಷಗಟ್ಟಲೆ ಬಿಡುವುದು. ಆಮೇಲೆ ಆ ಮಣ್ಣನ್ನು ನೀರಿನಲ್ಲಿ ಬಸಿದು, ಕಾಯಿಸಿ ಉಪ್ಪು ತೆಗೆಯುವುದು. ಹಿಂದಿನ ವಾರ ಸೂಸು ಅಂತ ಪೇಚಾಡಿದ ಚಿಕ್ಕವನಿಗೆ "ಸೂಸುವಿಂದ ಪಟಾಕಿ ಮದ್ದು" ಅಂದ ತಕ್ಷಣ ಎಲ್ಲಿಲ್ಲದ ಖುಷಿ. ಈಗಲೂ ಶಾಲೆಯಲ್ಲಿ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದಾನೆ.

ಐನೋಕುರಾ ಅಲ್ಲಿಂದ ಕಾರಿನಲ್ಲಿ ಸ್ವಲ್ಪ ದೂರ. ಇಪ್ಪತ್ತು ಚಿಲ್ಲರೆ ಮನೆಗಳು, ನಡುವೆ ಸಣ್ಣ ಸಣ್ಣ ಗದ್ದೆ, ತರಕಾರಿ ಮಡಿ, ಕಲ್ಲು ಕಟ್ಟಿದ ಅಂಚು. ಪಾರ್ಕಿಂಗ್‌ನಿಂದ ನಡೆದರೆ ಎರಡು ನಿಮಿಷಕ್ಕೆ ಊರೊಳಗೆ. ಒಬ್ಬ ಅಜ್ಜಿ ಮನೆ ಮುಂದೆ ಮೂಲಂಗಿ ತೊಳೆಯುತ್ತಿದ್ದರು. ನಮ್ಮ ಅತ್ತೆ ನಿಂತು ನೋಡಿ ಕೈಮುಗಿದರು, ಅವರೂ ಬಗ್ಗಿ ನಮಸ್ಕಾರ ಮಾಡಿದರು. ಮಾತು ಬರದಿದ್ದರೂ ಮೂಲಂಗಿಯ ಸೈಜಿನ ಬಗ್ಗೆ ಕೈಸನ್ನೆಯಲ್ಲೇ ಒಂದು ರೌಂಡ್ ಚರ್ಚೆ ಆಯಿತು. ಓಗಿಮಾಚಿಯ ಜಂಗುಳಿಯಲ್ಲಿ ಇದಕ್ಕೆಲ್ಲ ನಿಲ್ಲುವಂತೆಯೇ ಇರಲಿಲ್ಲ.

ಹಳ್ಳಿಯ ಹಿಂದೆ ಕಡಿದಾದ ಇಳಿಜಾರಿನಲ್ಲಿ ಒಂದು ಕಾಡಿದೆ. ಹಿಮ ಜಾರಿ ಮನೆಗಳ ಮೇಲೆ ಬೀಳದಂತೆ ತಡೆಯುವುದೇ ಅದರ ಕೆಲಸ. ಅದಕ್ಕೇ ಅಲ್ಲಿ ಮರ ಕಡಿಯುವಂತಿಲ್ಲ. ಫೋಟೋ ತೆಗೆಯುವ ಎತ್ತರದ ಜಾಗಕ್ಕೆ ಸಣ್ಣ ಏರು ಹತ್ತಿದರೆ ಸಾಕು, ಓಗಿಮಾಚಿಯ ಹಾಗೆ ಷಟಲ್ ಬಸ್ಸಿನ ಸಾಲು ಇಲ್ಲ. ಮಾಡಿನ ಹುಲ್ಲನ್ನು ಹಲವು ವರ್ಷಕ್ಕೊಮ್ಮೆ ಬದಲಿಸುತ್ತಾರೆ, ಹಿಂದೆಲ್ಲ ಒಬ್ಬರ ಮನೆಗೆ ಊರವರೆಲ್ಲ ಬಂದು ಹೊದಿಸಿ ಹೋಗುತ್ತಿದ್ದರು, ಆಮೇಲೆ ಇವರು ಅವರ ಮನೆಗೆ ಹೋಗಬೇಕು ಅಂತ ಅತ್ತೆಗೆ ಹೇಳಿದೆ. "ನಮ್ಮಲ್ಲಿ ಗದ್ದೆ ನೆಟ್ಟಿಗೆ ಮುಯ್ಯಾಳು ಹೋಗ್ತಿದ್ವಲ್ಲ, ಹಾಗೇ ಅನ್ನು" ಅಂದರು. ಇಲ್ಲೊಂದು ಮಾತು ನೆನಪಿರಲಿ: ಐನೋಕುರಾವನ್ನು ಬೆಳಗ್ಗೆ 8.30ರಿಂದ ಸಂಜೆ 5ರೊಳಗೆ ನೋಡಿ ಮುಗಿಸಬೇಕು. ಆಮೇಲೆ ಊರವರ ಪಾಡಿಗೆ ಅವರನ್ನು ಬಿಡಬೇಕು.

ಗೋಕಯಾಮಾದಲ್ಲಿ ಕೈಯಿಂದ ಕಾಗದ ಮಾಡುವುದು ಹಳೇ ಕಸುಬು. ತಾಯಿರಾ ಎಂಬಲ್ಲಿ ಹೆದ್ದಾರಿ ಪಕ್ಕದ ಕಾಗದದ ಕೇಂದ್ರದಲ್ಲಿ ಮಕ್ಕಳೇ ಪೋಸ್ಟ್‌ಕಾರ್ಡ್ ಮಾಡಬಹುದು. ಗಂಜಿಯಂಥ ನೀರಿನಲ್ಲಿ ಚೌಕಟ್ಟು ಅದ್ದಿ ಅಲ್ಲಾಡಿಸಿ ಎತ್ತಿದರೆ ಆಯಿತು. ಮಳೆ ಬಂದರೆ ಸೀದಾ ಇಲ್ಲಿಗೆ.

ಊಟದ ವಿಷಯಕ್ಕೆ ಬಂದರೆ ಮೂರೂ ಕಡೆ ನಮ್ಮಂಥ ಸಸ್ಯಾಹಾರಿಗಳ ಪಾಡು ಅಷ್ಟಕ್ಕಷ್ಟೇ. ಸೋಬಾ ನೂಡಲ್ಸ್ ನೋಡಲು ಪಾಪದ್ದು, ಅದರ ಸಾರಿಗೆ ಮೀನು ಬಿದ್ದಿರುತ್ತದೆ. ಗೋಕಯಾಮಾದಲ್ಲಿ ಒಂದು ದಾರಿ ಇದೆ. ಅಲ್ಲಿನ ತೋಫು ಎಷ್ಟು ಗಟ್ಟಿ ಅಂದರೆ ಹಗ್ಗ ಕಟ್ಟಿ ಎತ್ತಬಹುದು ಅನ್ನುತ್ತಾರೆ. ಮೇಲೆ ಮೀನಿನ ಚೂರು ಉದುರಿಸಬೇಡಿ ಎಂದು ಮೊದಲೇ ಹೇಳಿ ತರಿಸಿಕೊಂಡೆವು. ಅತ್ತೆ "ಪನೀರಿಗಿಂತ ವಾಸಿ" ಎಂದು ತಿಂದರು. ಉಳಿದಂತೆ ಮನೆಯಿಂದ ಒಯ್ದ ಚಪಾತಿ, ಪುಳಿಯೋಗರೆ. ಕಸ ಹಾಕುವ ಚೀಲ ಒಯ್ಯಿರಿ. ಈ ಹಳ್ಳಿಗಳಲ್ಲಿ ಕಸದ ಬುಟ್ಟಿ ಹುಡುಕಬೇಡಿ, ನಿಮ್ಮ ಕಸ ನಿಮ್ಮ ಮನೆಗೇ.

ಹಿದಾ ನೋ ಸಾತೋ ಬಗ್ಗೆ ಹೆಚ್ಚೇನಿಲ್ಲ. 1971ರಲ್ಲಿ ಶುರುವಾದದ್ದು, 30ಕ್ಕೂ ಹೆಚ್ಚು ಮನೆಗಳಿವೆ. ಒಂದೇ ಟಿಕೆಟ್‌ನಲ್ಲಿ ಎಲ್ಲದರೊಳಗೂ ಹೋಗಬಹುದು. ಓಗಿಮಾಚಿಯಲ್ಲಿ ಮನೆಮನೆಗೂ ಬೇರೆ ಬೇರೆ ಟಿಕೆಟ್. ಒಲೆಯಲ್ಲಿ ದಿನಾ ಬೆಂಕಿ ಹಾಕುತ್ತಾರೆ, ಆ ಹೊಗೆಯಿಂದಲೇ ಮಾಡಿನ ಹುಲ್ಲು ಹುಳ ಹಿಡಿಯದೆ ಉಳಿಯುತ್ತದೆ. ಮರಗಾಲು ಕಟ್ಟಿಕೊಂಡು ನಡೆಯುವ ಆಟವೂ ಇದೆ. ಮಗಳು ಅಲ್ಲಿಂದ ಹೊರಡಲು ಒಪ್ಪಲಿಲ್ಲ. ಕೊಳದ ಸುತ್ತ ಚಂದ, ಜನ ಕಮ್ಮಿ. ಆದರೆ ಯಾವ ಮನೆಯಲ್ಲೂ ಒಗೆದ ಬಟ್ಟೆ ಹಾರಾಡುತ್ತಿಲ್ಲ, ಯಾರೂ ಮೂಲಂಗಿ ತೊಳೆಯುತ್ತಿಲ್ಲ. ತಕಯಾಮಾದಲ್ಲಿ ಹೇಗೂ ಇದ್ದು ಅರ್ಧ ದಿನ ಖಾಲಿ ಇದ್ದರೆ ಹೋಗಿ. ಅದಕ್ಕಾಗಿಯೇ ನಗೋಯಾದಿಂದ ಹೊರಡುವಷ್ಟೇನಿಲ್ಲ.

ಕಾರಿಲ್ಲದಿದ್ದರೆ ನನ್ನ ಲೆಕ್ಕ ಪೂರ್ತಿ ತಲೆಕೆಳಗು. ತಕಯಾಮಾದಿಂದ ಶಿರಕಾವಾಗೋಗೆ ಬಸ್ಸಿನಲ್ಲಿ ಸುಮಾರು 50 ನಿಮಿಷ, ಬಸ್ಸುಗಳೂ ಬೇಕಾದಷ್ಟು. ಗೋಕಯಾಮಾಗೆ ತೊಯಾಮಾ ಪ್ರಾಂತ್ಯದ ತಕಾಓಕಾ ನಗರದಿಂದ ಬರುವ ಬಸ್ಸು ಐನೋಕುರಾ, ಸುಗನುಮಾ ಮುಟ್ಟಿಕೊಂಡು ಶಿರಕಾವಾಗೋವರೆಗೆ ಹೋಗುತ್ತದೆ, ಆದರೆ ದಿನಕ್ಕೆ ಬೆರಳೆಣಿಕೆಯಷ್ಟೇ. ಒಂದು ತಪ್ಪಿದರೆ ಮಕ್ಕಳನ್ನು ಕಟ್ಟಿಕೊಂಡು ಬಸ್‌ಸ್ಟಾಪಿನಲ್ಲಿ ಕೂರಬೇಕು. ಬಸ್ಸಾದರೆ ಓಗಿಮಾಚಿಯೇ ಸರಿ, ಅದೂ ವಾರದ ದಿನ.

ಚಳಿಗಾಲವೂ ಹಾಗೇ. ಹಿಮದ ಟೈರ್ ಇಲ್ಲದೆ ಆ ಬೆಟ್ಟದ ರಸ್ತೆಗೆ ಹೋಗಬಾರದು. ನಗೋಯಾದಲ್ಲಿರುವ ನಮಗೆ ವರ್ಷಕ್ಕೊಂದು ಟ್ರಿಪ್‌ಗಾಗಿ ನಾಲ್ಕು ಟೈರ್ ಕೊಳ್ಳುವ ಮನಸ್ಸಿಲ್ಲ. ಓಗಿಮಾಚಿಯಲ್ಲಿ ಜನವರಿ, ಫೆಬ್ರವರಿಯ ಕೆಲವು ಸಂಜೆ ಮನೆಗಳಿಗೆ ದೀಪ ಹಾಕುತ್ತಾರೆ. ಅದಕ್ಕೆ ಮುಂಚೆಯೇ ಬುಕ್ ಮಾಡಿರಬೇಕು. ಬಸ್ಸಿನಲ್ಲಿ ಹೋಗೋಣ ಅಂತ ಇವರು, ಅಷ್ಟು ಚಳಿಯಲ್ಲಿ ಬೇಡ ಅಂತ ನಾನು. ಅತ್ತೆ ಊರಿಗೆ ವಾಪಸ್ ಹೋಗಿದ್ದಾರೆ. ಮುಂದಿನ ಸಲ ಬಂದಾಗ ಮೇ ತಿಂಗಳ ರಜೆಯ ಗಲಾಟೆ ಮುಗಿದ ಮೇಲೆ, ಗದ್ದೆಗೆ ನೀರು ನಿಂತಿರುವಾಗ ಐನೋಕುರಾಗೇ ಹೋಗಬೇಕು ಅಂತ ಈಗಲೇ ಫೋನಿನಲ್ಲಿ ಆರ್ಡರ್ ಆಗಿದೆ.